ಸರ್ಕಾರಕ್ಕೆ ಕೈಗಡ ಕೊಟ್ಟವರು

‘ಬಾಕಿ ಸಂಬಳ ಹೇಗೂ ಕೈಗೆ ಬರುತ್ತದೆ, ಇದರಲ್ಲಿ ರಾಜ್ಯಗಳಿಗೇನು ಕೆಲಸ?’ ಅಮೆರಿಕದಿಂದ ರಜೆಗೆ ಬಂದಿದ್ದ ಬಂಧುವೊಬ್ಬರು ಕೆಮ್ಮಣ್ಣುಗುಂಡಿಯ ಅತಿಥಿಗೃಹದ ಜಗಲಿಯಲ್ಲಿ ಕೂತು ಆಡಿದ ಮಾತು ಇದು. ಅಮೆರಿಕದಲ್ಲಿ 2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ, 43 ದಿನ, ಬಜೆಟ್ ಒಪ್ಪಿಗೆ ಸಿಗದೆ ಕೇಂದ್ರ ಸರ್ಕಾರದ ಬಾಗಿಲು ಮುಚ್ಚಿತ್ತು. ವಿಮಾನ ನಿಲ್ದಾಣದ ತಪಾಸಣಾ ಸಿಬ್ಬಂದಿಗೂ ವಿಮಾನ ಸಂಚಾರ ನಿಯಂತ್ರಕರಿಗೂ ಮಾತ್ರ ರಜೆಯಿರಲಿಲ್ಲ. ಅವರ ಕೆಲಸ ಅತ್ಯಗತ್ಯ, ಆದ್ದರಿಂದ ಸಂಬಳವಿಲ್ಲದಿದ್ದರೂ ಬರಲೇಬೇಕು. ಇಂಥವರಿಗೆ ಅವರು ವಾಸಿಸುವ ರಾಜ್ಯ ಹಣ ಕೊಡಬೇಕೆ ಎಂಬುದು ಪ್ರಶ್ನೆ. ಕೊಡಬೇಕು, ಅದನ್ನೂ ಸಾಲವೆಂದಲ್ಲ, ಸಂಬಳವೆಂದೇ ಕೊಡಬೇಕು ಎನ್ನುವುದು ನನ್ನ ನಿಲುವು.

ಮನೆ ಬಾಡಿಗೆಯೂ ದಿನಸಿ ಅಂಗಡಿಯ ಲೆಕ್ಕವೂ ಸಂಸತ್ತಿನ ರಾಜಿಗೆ ಕಾಯುವುದಿಲ್ಲ ಎಂಬಷ್ಟರಲ್ಲೇ ‘ಹೇಗೂ ಬರುತ್ತದೆ’ ಎಂಬ ವಾದ ಮುಗಿಯಿತು.

ದುಡಿಸಿಕೊಂಡು ಸಂಬಳ ತಡೆದರೆ ಆಗುವುದೇನು? ತಿಂಗಳ ಸಂಬಳದಲ್ಲಿ ಬದುಕುವವನು ಸರ್ಕಾರಕ್ಕೆ ಬಡ್ಡಿಯಿಲ್ಲದ ಕೈಗಡ ಕೊಟ್ಟಂತೆ. 2019ರ ಜನವರಿಯಲ್ಲಿ, ಇಂಥದೇ ಸ್ಥಗಿತ 35 ದಿನ ನಡೆದಾಗ, ಕನೆಕ್ಟಿಕಟ್ ರಾಜ್ಯ ಬ್ಯಾಂಕುಗಳಿಗೆ ಖಾತರಿ ನಿಂತು ಈ ನೌಕರರಿಗೆ ಬಡ್ಡಿಯಿಲ್ಲದ ಸಾಲ ಕೊಡಿಸಿತು. ಒಳ್ಳೆಯ ಮನಸ್ಸಿನ ಕೆಲಸವೇ ಹೌದು. ಆದರೂ ನನಗೆ ಅದು ಒಪ್ಪುವುದಿಲ್ಲ. ಸಾಲ ಕೊಟ್ಟಿದ್ದವನನ್ನೇ ಅದು ಸಾಲಗಾರನನ್ನಾಗಿ ಮಾಡಿತು.

ನಮ್ಮಲ್ಲಿ ಈ ಬಗೆಯ ಬಾಗಿಲು ಮುಚ್ಚುವಿಕೆ ಇಲ್ಲ. ಸಂವಿಧಾನದ 116ನೇ ವಿಧಿಯ ಲೇಖಾನುದಾನ ಇದೆ. ಹಣಕಾಸು ಮಸೂದೆಗೆ ಲೋಕಸಭೆಯಲ್ಲಿ ಸೋತ ಸರ್ಕಾರ ಉಳಿಯುವುದೂ ಇಲ್ಲ. ಆದರೆ ದುಡಿದವರಿಗೆ ಸಂಬಳ ಸಿಗದಿರಲು ಸಂಸತ್ತಿನ ಜಗಳವೇ ಬೇಕೆಂದಿಲ್ಲ. ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ನೌಕರರು 2012ರಲ್ಲಿ ತಿಂಗಳುಗಟ್ಟಲೆ ಸಂಬಳವಿಲ್ಲದೆ ವಿಮಾನ ಹಾರಿಸಿದರು. ಆ ಅಕ್ಟೋಬರಿನಲ್ಲಿ ಕಂಪನಿಯ ಪರವಾನಗಿಯೇ ಅಮಾನತಾಯಿತು. ಬ್ಯಾಂಕುಗಳಿಗೆ ವಸೂಲಿಯ ದಾರಿಗಳಿದ್ದವು, ವಕೀಲರಿದ್ದರು. ನೌಕರರಿಗೆ ಇದ್ದದ್ದು ಬೀದಿ.

ನಾವು ಕೂತಿದ್ದ ಬೆಟ್ಟಕ್ಕೇ ಈ ವಿಷಯದಲ್ಲಿ ಹೇಳುವುದಿದೆ. ಇಲ್ಲಿಯ ಕೆಂಪು ಮಣ್ಣು ಬರಿಯ ನೋಟಕ್ಕಲ್ಲ, ಅದು ಕಬ್ಬಿಣದ ಅದಿರು. ಅದಿರು ಹಗ್ಗದ ದಾರಿಯಲ್ಲಿ ತೂಗುತೊಟ್ಟಿಗಳಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಭದ್ರಾವತಿಗೆ ಹೋಗುತ್ತಿತ್ತು. ವಿಶ್ವೇಶ್ವರಯ್ಯನವರು ಹಟ ಹಿಡಿದು ಕಟ್ಟಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆ 1923ರಲ್ಲಿ ಹೊತ್ತಿಕೊಂಡಿದ್ದು ಈ ಬೆಟ್ಟವನ್ನು ನಂಬಿ. ಸಂಸ್ಥಾನದ್ದಾಗಿದ್ದ ಕಾರ್ಖಾನೆ ರಾಜ್ಯದ್ದಾಯಿತು, 1998ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ಇಲ್ಲಿ ಗಣಿ ನಿಂತು ಬಹಳ ಕಾಲವಾಗಿದೆ. 2023ರ ಜನವರಿಯಲ್ಲಿ ಕಾರ್ಖಾನೆಯನ್ನೇ ಮುಚ್ಚುವ ತೀರ್ಮಾನವಾಯಿತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಆಮೇಲೆ ಕೆಲವು ವಿಭಾಗಗಳು ಮತ್ತೆ ಓಡಿದ್ದೂ ಉಂಟು. ಒಡೆಯ ಬದಲಾಗುತ್ತಲೇ ಬಂದ. ಕಾರ್ಮಿಕ ಇದ್ದಲ್ಲೇ ಇದ್ದಾನೆ. ಅವನ ಪಡಿತರ ಚೀಟಿ, ಮಕ್ಕಳ ಶಾಲೆ, ಉದ್ರಿ ಕೊಡುವ ಅಂಗಡಿ ಎಲ್ಲ ಭದ್ರಾವತಿಯಲ್ಲೇ. ಕಾರ್ಖಾನೆಯ ಕೀಲಿಕೈ ದೆಹಲಿಗೆ ಹೋಯಿತೆಂದು ಅವನ ಮನೆಯ ಒಲೆಯ ಹೊಣೆಯೂ ಅಲ್ಲಿಗೇ ಹೋಯಿತೆಂದು ಬೆಂಗಳೂರು ಕೈ ತೊಳೆದುಕೊಂಡರೆ ಅದು ನಾಚಿಕೆಗೇಡು.

ನನ್ನ ನಿಲುವಿಗೆ ಎದುರು ನಿಲ್ಲುವ ಎರಡು ವಾದಗಳನ್ನು ನಾನು ಗೌರವಿಸುತ್ತೇನೆ. ರಾಜ್ಯ ಹಣ ಕೊಟ್ಟರೆ ತಪ್ಪು ಮಾಡಿದವರ ಮೇಲಿನ ಒತ್ತಡ ಇಳಿಯುತ್ತದೆ ಎನ್ನುವುದು ಮೊದಲನೆಯದು. 2019ರ ಜನವರಿ 25ರಂದು ವಿಮಾನ ಸಂಚಾರ ನಿಯಂತ್ರಕರು ಸಾಕಷ್ಟು ಮಂದಿ ಕೆಲಸಕ್ಕೆ ಬಾರದೆ ನ್ಯೂಯಾರ್ಕಿನ ಲಗಾರ್ಡಿಯಾ ನಿಲ್ದಾಣಕ್ಕೆ ಬರುವ ವಿಮಾನಗಳನ್ನು ತಡೆಯಬೇಕಾಯಿತು. ಅಂದೇ ಸ್ಥಗಿತ ಮುಗಿಯಿತು. ವಾದದಲ್ಲಿ ಸತ್ವವಿದೆ. ಆದರೆ ಆ ಪಾಠ ಕಣ್ಣೆದುರಿಗಿದ್ದೂ ಮುಂದಿನ ಸ್ಥಗಿತ 43 ದಿನ ಎಳೆಯಿತು. ನೌಕರರ ಸಂಕಟ ರಾಜಕಾರಣಿಗಳನ್ನು ತಡೆಯಲಿಲ್ಲ. ತಡೆದಿದ್ದರೂ, ದೊಡ್ಡವರ ಜಗಳ ತೀರಲೆಂದು ಮೂರನೆಯವರ ಮಕ್ಕಳನ್ನು ಉಪವಾಸ ಕೆಡವುವ ಹಕ್ಕು ಯಾರಿಗಿದೆ?

ಎರಡನೆಯ ವಾದ ಇನ್ನೂ ಗಟ್ಟಿ. ತರೀಕೆರೆಯ ಅಡಿಕೆ ತೋಟದ ಕೂಲಿಯೂ ಸೋಪಿನ ಮೇಲೆ ತೆರಿಗೆ ಕಟ್ಟುತ್ತಾಳೆ. ಅವಳ ದುಡ್ಡನ್ನು ಅವಳಿಗಿಂತ ಹೆಚ್ಚು ಸಂಪಾದಿಸುವವರಿಗೆ ಏಕೆ ಕೊಡಬೇಕು? ಅವಳನ್ನೂ ಸೇರಿಸಿಕೊಂಡು ಕೊಡಿ ಎನ್ನುತ್ತೇನೆ. 2005ರ ಉದ್ಯೋಗ ಖಾತರಿ ಕಾಯ್ದೆ ಕೂಲಿ ಹದಿನೈದು ದಿನದೊಳಗೆ ಸಿಗಬೇಕೆಂದಿತು. ತಡವಾದರೆ ದಿನಕ್ಕೆ ಶೇ 0.05 ಪರಿಹಾರ, ಅಂದರೆ 2025–26ರ 370 ರೂಪಾಯಿ ಕೂಲಿಗೆ ಹತ್ತೊಂಬತ್ತು ಪೈಸೆಯೂ ಇಲ್ಲ. ಪಶ್ಚಿಮ ಬಂಗಾಳಕ್ಕೆ 2022ರ ಮಾರ್ಚಿನಿಂದ ಕೇಂದ್ರ ಈ ಹಣ ನಿಲ್ಲಿಸಿತು. ಅಕ್ರಮ ನಡೆದಿದೆ ಎಂಬುದು ಕೇಂದ್ರದ ಕಾರಣ, ದ್ವೇಷ ಎಂಬುದು ರಾಜ್ಯದ ದೂರು. ಅಗೆದು ಹೊತ್ತವರ ಕೂಲಿ ಎರಡರ ನಡುವೆ ಸಿಕ್ಕಿಕೊಂಡಿತು. ಕೊನೆಗೆ 2024ರ ಫೆಬ್ರುವರಿಯಲ್ಲಿ ಸುಮಾರು 21 ಲಕ್ಷ ಮಂದಿಯ ಬಾಕಿಯನ್ನು ತಾನೇ ಕೊಡುವುದಾಗಿ ರಾಜ್ಯ ಘೋಷಿಸಿತು. ಚುನಾವಣೆಯ ಲೆಕ್ಕಾಚಾರ ಇದ್ದಿರಬಹುದು. ಇದ್ದರೂ ಕೆಲಸ ಸರಿ, ಎರಡು ವರ್ಷ ತಡವಾದದ್ದು ತಪ್ಪು.

ಇದೇನೂ ಹೊಸ ಕಲ್ಪನೆಯಲ್ಲ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ 21ನೇ ಕಲಮು, ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕ ಕೊಟ್ಟು ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ ಎಂದಿತು. ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಕಾರ್ಮಿಕನ ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡುವ ದಾರಿ ಇತ್ತು. ಮೊದಲು ದುಡಿದವನ ಕೈಗೆ ಹಣ, ಜಗಳ ಆಮೇಲೆ: ಇಷ್ಟೇ ತತ್ವ. ಖಾಸಗಿ ಮಾಲೀಕನಿಗೆ ಅನ್ವಯಿಸುವ ಈ ನ್ಯಾಯವನ್ನು ಸರ್ಕಾರಗಳು ತಮ್ಮತಮ್ಮಲ್ಲೂ ಪಾಲಿಸಲಿ.

ಕೇಂದ್ರದಿಂದ ವಸೂಲು ಮಾಡಲು ತಹಶೀಲ್ದಾರರನ್ನು ಕಳಿಸಲಾಗದು, ನಿಜ. ಆದರೆ ಬರ ಪರಿಹಾರಕ್ಕಾಗಿ ಕರ್ನಾಟಕ 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲಿನಲ್ಲಿ 3,454 ಕೋಟಿ ರೂಪಾಯಿ ಬಿಡುಗಡೆಯಾಯಿತು. ಕೇಳಿದ್ದಕ್ಕಿಂತ ಬಹಳ ಕಡಿಮೆ, ಆದರೆ ಬಂತು. ಆ ಮೆಟ್ಟಿಲು ಹತ್ತುವ ಶಕ್ತಿ ರಾಜ್ಯಕ್ಕಿದೆ, ಲಗೇಜು ತಪಾಸಣೆ ಮಾಡುವವನಿಗೆ ಇಲ್ಲ.

ಕೊಡುವುದಕ್ಕೆ ಮಿತಿ ಇರಲಿ. ಕೆಳಗಿನ ಶ್ರೇಣಿಗಳಿಗೆ ಮಾತ್ರ, ಹೆಚ್ಚೆಂದರೆ ಎರಡು ತಿಂಗಳು, ನೇರ ಬ್ಯಾಂಕ್ ಖಾತೆಗೆ. ಬಾಕಿ ಬಂದಾಗ ಅದನ್ನು ಹಿಡಿದುಕೊಳ್ಳುವ ಲೆಕ್ಕ ಎರಡು ಸರ್ಕಾರಗಳ ನಡುವೆಯೇ ಇರಲಿ. ನೌಕರನಿಂದ ಒಂದು ಸಹಿಯನ್ನೂ ಕೇಳಬಾರದು. ಕೆಮ್ಮಣ್ಣುಗುಂಡಿಗೆ ಹತ್ತಿರದ ಶಿವಮೊಗ್ಗ ವಿಮಾನ ನಿಲ್ದಾಣವನ್ನು 2023ರಿಂದ ರಾಜ್ಯವೇ ನಡೆಸುತ್ತಿದೆ. ಅಲ್ಲಿ ಕಸ ಗುಡಿಸುವವರ, ಟ್ರಾಲಿ ತಳ್ಳುವವರ ಗುತ್ತಿಗೆ ಕರಾರಿನಲ್ಲಿ ಮೊದಲು ದುಡಿದವರ ಕೈಗೆ ಹಣ ಎಂಬ ಷರತ್ತು ಬರೆಸಲು ಯಾರ ಅಪ್ಪಣೆಯೂ ಬೇಕಿಲ್ಲ.