ಬೆರಳಿನ ಗಾಯ ಮತ್ತು ಬಂಡೆಯ ಸೆಳೆತ

ಬಾದಾಮಿಯ ಕೆಂಪು ಮರಳುಗಲ್ಲು, ಹಂಪಿಯ ಗುಂಡುಗಳು, ರಾಮನಗರದ ಬೆಟ್ಟಗಳು ಇಂದು ಅನೇಕ ತರುಣ ತರುಣಿಯರನ್ನು ಶಿಲಾರೋಹಣಕ್ಕೆ ಸೆಳೆಯುತ್ತಿವೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಸ್ಥಾನ ಪಡೆದ ಕ್ರೀಡೆಯಿದು. ಧೈರ್ಯ, ಏಕಾಗ್ರತೆಗಳನ್ನು ಬೆಳೆಸುವ ಈ ಸಾಹಸದಲ್ಲಿ ಹೆಚ್ಚು ನೋಯುವುದು ಬೆರಳು.

ಬೆರಳನ್ನು ಬಲವಾಗಿ ಮಡಿಸುವ ಸ್ನಾಯುಗಳು ಮುಂಗೈಯಲ್ಲಿವೆ. ಅವುಗಳ ಶಕ್ತಿ ಸ್ನಾಯುರಜ್ಜುವಿನ ಮೂಲಕ ಬೆರಳ ತುದಿಯನ್ನು ಸೇರುತ್ತದೆ. ಆ ರಜ್ಜುವನ್ನು ಎಲುಬಿಗೆ ಒತ್ತಿ ಹಿಡಿಯುವ, ಉಂಗುರದಂತಹ ನಾರಿನ ಪಟ್ಟಿಗಳಿವೆ. ಕಿರಿದಾದ ಅಂಚನ್ನು ಬೆರಳು ಮಡಿಸಿ ಬಿಗಿಹಿಡಿದಾಗ ಕಾಲು ಜಾರಿದರೆ ಈ ಪಟ್ಟಿ ಹರಿಯಬಹುದು; ಉಂಗುರದ ಬೆರಳಿಗೆ ಅಪಾಯ ಹೆಚ್ಚು. ಒಂದೇ ಪಟ್ಟಿ ಹರಿದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಾಗದು. ಹಲವು ಹರಿದು, ರಜ್ಜುವು ಬಿಲ್ಲಿನ ಹೆದೆಯಂತೆ ಎದ್ದು ನಿಂತಾಗ ಅದು ಸಾಮಾನ್ಯವಾಗಿ ಬೇಕಾಗುತ್ತದೆ.

ನಿಜವಾದ ಪರೀಕ್ಷೆ ಆರಂಭವಾಗುವುದು ಅನಂತರ. ಮೇಲಿನ ಚರ್ಮ ಕೆಲವೇ ವಾರಗಳಲ್ಲಿ ಕೂಡಿಕೊಳ್ಳುತ್ತದೆ, ನೋವು ತಗ್ಗುತ್ತದೆ. ಆದರೆ ಒಳಗಿನ ನಾರು ಬಲಗೊಳ್ಳಲು ತಿಂಗಳುಗಳೇ ಬೇಕು. ನೋವಿಲ್ಲದಿರುವುದೇ ಗುಣವಾದ ಲಕ್ಷಣವೆಂದು ಭಾವಿಸಿ ಬಂಡೆಗೆ ಮರಳುವವರು ಅದೇ ಬೆರಳನ್ನು ಮತ್ತೆ ಕಳೆದುಕೊಳ್ಳುವ ಭಯವಿದೆ. ಇತ್ತ, ಹೆದರಿಕೆಯಿಂದ ಬೆರಳನ್ನು ಅಲುಗಿಸದೇ ಇಟ್ಟರೆ ಗಂಟುಗಳು ಬಿಗಿದುಕೊಳ್ಳುತ್ತವೆ. ಆತುರವೂ ಸಲ್ಲದು, ಜಡತೆಯೂ ಸಲ್ಲದು.

ಆದುದರಿಂದ ಮರಳುವಿಕೆಗೆ ಮೆಟ್ಟಿಲುಗಳಿರಬೇಕು. ಮೊದಲು ಶಸ್ತ್ರವೈದ್ಯರು ಹೇಳಿದಷ್ಟೇ ಚಲನೆ, ಹೊಸ ಪಟ್ಟಿಗೆ ಆಸರೆಯಾಗಿ ಗಟ್ಟಿ ಉಂಗುರ. ಬಳಿಕ ಫಿಸಿಯೋಥೆರಪಿ ತಜ್ಞರ ಮೇಲ್ವಿಚಾರಣೆಯಲ್ಲಿ ಮೆತ್ತನೆಯ ವಸ್ತುಗಳ ಹಿಡಿತ. ಹಲವು ತಿಂಗಳ ನಂತರ, ವೈದ್ಯರ ಒಪ್ಪಿಗೆಯಿದ್ದರೆ, ದೊಡ್ಡ ಹಿಡಿಗಳಿರುವ ಸುಲಭ ಬಂಡೆ. ಭಾರವೆಲ್ಲ ಕಾಲಿನ ಮೇಲಿರಲಿ, ಬೆರಳು ಬಿಡಿಸಿದಂತಿರಲಿ. ಬೆರಳು ಮಡಿಸಿದ ಬಿಗಿಹಿಡಿತ ಎಲ್ಲಕ್ಕಿಂತ ಕೊನೆಗೆ. ಮರುದಿನ ಊತವೋ ಬಿಗಿತವೋ ಕಂಡರೆ ಒಂದು ಮೆಟ್ಟಿಲು ಕೆಳಗಿಳಿಯುವುದು ಸೋಲಲ್ಲ, ವಿವೇಕ.

ಹಿರಿಯರಿಗೂ ಒಂದು ಮಾತು. 'ಇನ್ನು ಬಂಡೆಯ ಹೆಸರೆತ್ತಬೇಡ' ಎಂದು ಮಕ್ಕಳನ್ನು ಕಟ್ಟಿಹಾಕಿದರೆ ಅವರು ಮರೆಯಲ್ಲಿ ಏರುತ್ತಾರೆ. ಅವರ ಉತ್ಸಾಹವನ್ನು ಗೌರವಿಸಿ, ಸಂಯಮವನ್ನು ಕಲಿಸೋಣ. ಅದೇ ಕೈ ನಾಳೆ ಲೇಖನಿ ಹಿಡಿಯಬೇಕು, ಕಾಯಕ ನಡೆಸಬೇಕು. 'ಎಂದು ಏರುವೆ?' ಎಂದು ಕೇಳುವುದಕ್ಕಿಂತ 'ಇಂದು ಬೆಳಿಗ್ಗೆ ಬೆರಳು ಬಿಗಿದಿತ್ತೇ?' ಎಂದು ಕೇಳುವ ಮನೆಯಲ್ಲಿ ಗಾಯವು ಬೇಗ ಮಾಯುತ್ತದೆಂದಲ್ಲ, ಸರಿಯಾಗಿ ಮಾಯುತ್ತದೆ.