ರಕ್ತದ ದೋಷ ಅನ್ನುವವರಿಗೆ

ನಮ್ಮ ಜತ್ತ ಸೀಮಿಯೊಳಗ ಹೋದ ಸುಗ್ಗಿಗೆ ಒಂದು ಸೋಯರಿಕಿ ಮುರೀತು. ಹುಡುಗಿ ಚಲೋ, ಮನಿತನ ಚಲೋ. ಆದರ ಆಕಿ ತಾಯಿ ಎದಿ ಕ್ಯಾನ್ಸರದಿಂದ ತೀರಿಕೊಂಡಿದ್ದಳು. “ರಕ್ತದಾಗ ದೋಷ ಐತಿ” ಅಂದು ಬೀಗರು ಎದ್ದು ಹೋದರು. ಕಟ್ಟಿ ಮ್ಯಾಲಿನ ಹಿರಿಯರು ಹೌದೌದು ಅಂದರು. ನಾನೂ ಅಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ಆ ತಪ್ಪಿಗೆ ಇದನ್ನು ಬರೀತೀನಿ.

ನಾನು ಏಳನೇ ಇಯತ್ತೆ ಕಲಿತವ. ಆದರೂ ವಾಚನಾಲಯದಾಗ ಮಾಸ್ತರು ಓದಿ ಹೇಳಿದ್ದು ನನಗ ತಿಳೀತು, ಯಾಕಂದ್ರ ನಾನು ಮೇಳ ಕಟ್ಟಿದವ. ಜೀವಕೋಶದಾಗಿನ ಜೀನುಗಳೂ ಒಂದು ಮೇಳ. ಒಬ್ಬನ ದನಿ ಬಿದ್ದರ ಹಿಮ್ಮೇಳದವ ಎತ್ತಿಕೊಳ್ತಾನ. ಯಾರು ಯಾರಿಗೆ ಆಸರ ಅನ್ನೂದು ದಪ್ಪು ಹರಿದ ರಾತ್ರಿಗೇ ಗೊತ್ತಾಗೂದು. ಬಿಸಿಲಿಗೆ, ತಂಬಾಕಿಗೆ ನಮ್ಮ ಡಿಎನ್‌ಎ ದಿನಾ ಹರೀತೈತಿ, ದಿನಾ ಹೊಲಿಗಿನೂ ಬೀಳತೈತಿ. 2010ರಾಗ ಅಮೇರಿಕಾದ ವಿಜ್ಞಾನಿಗಳು ಹಿಟ್ಟು ಉಬ್ಬಿಸುವ ಯೀಸ್ಟಿನ 418 ಜೀನುಗಳನ್ನು ಜೋಡಿ ಜೋಡಿಯಾಗಿ ಪರೀಕ್ಷೆ ಮಾಡಿದರು. ಮೊದಲು ಹಾಂಗೇ, ಆಮೇಲೆ ಡಿಎನ್‌ಎ ಕೆಡಿಸುವ ರಸಾಯನ ಹಾಕಿ. ಪೆಟ್ಟು ಬಿದ್ದ ಮ್ಯಾಲ ಹಳೇ ನಂಟು ಎಷ್ಟೋ ಬಿಟ್ಟವು, ಹೊಸಾವು ಎಷ್ಟೋ ಕೂಡಿದವು.

ಯೀಸ್ಟಿನ ಮಾತು ಮನುಷ್ಯಾಗ ಯಾಕ ಅಂತೀರಿ? ಕೇಳ್ರಿ. ಬಿಆರ್‌ಸಿಎ ಅನ್ನುವ ಹೊಲಿಗಿ ಜೀನು ಕೆಟ್ಟವರಿಗೆ ಎದಿ ಕ್ಯಾನ್ಸರದ ಭಯ ಹೆಚ್ಚು. ಖರೇ ಮಾತು, ಮುಚ್ಚೂದಿಲ್ಲ. ಆದರ ಕ್ಯಾನ್ಸರ್ ಗಡ್ಡಿಯೊಳಗ ಆ ಜೀನು ಪೂರಾ ಸತ್ತಾಗ, ಗಡ್ಡಿ ಪಾರ್ಪ್ ಅನ್ನುವ ಇನ್ನೊಬ್ಬ ಹೊಲಿಗಿಯವನನ್ನ ನಂಬಿ ಬದುಕತೈತಿ. ಅವನ ಕೈಯನ್ನೂ ಕಟ್ಟಿದರ ಗಡ್ಡಿ ಸಾಯತೈತಿ. ಒಳ್ಳೇ ಕೋಶದಾಗ ಚಲೋ ಪ್ರತಿ ಒಂದು ಇರ್ತದಲ್ಲ, ಅದು ತಡಕೊಳ್ಳತೈತಿ. ಇದನ್ನು 2005ರಾಗ ತೋರಿಸಿದರು, 2014ರಾಗ ಇದರ ಔಷಧಕ್ಕ ಒಪ್ಪಿಗಿ ಸಿಕ್ಕಿತು. ನೀವು ದೋಷ ಅಂದ ಜಾಗಾದಾಗೇ ಅವರು ಮದ್ದು ಹುಡುಕಿದರು!

ಇನ್ನೊಂದು. ನೂರು ಎದಿ ಕ್ಯಾನ್ಸರದಾಗ ವಂಶದಿಂದ ಬಂದದ್ದು ಐದರಿಂದ ಹತ್ತು ಅಷ್ಟೇ. ಕೆಟ್ಟ ಜೀನು ಇದ್ದರೂ ಮಗುವಿಗೆ ಇಳಿಯೂದು ಅರ್ಧಕ್ಕರ್ಧ. ಅದೂ ತಾಯಿಯಿಂದ ಅಷ್ಟೇ ಅಲ್ಲ, ಅಪ್ಪನಿಂದಾನೂ ಇಳೀತೈತಿ. ಹಾಂಗಾದರ ಗಂಡಿನ ಮನಿ ರಕ್ತ ಯಾರು ಕೇಳಿದರು?

ಹಿರಿಯರೇ, ನಿಮ್ಮ ಈ ಮಾತಿಗೆ ಅಂಜಿ, ಮಗಳ ಲಗ್ನ ನಿಂತೀತಂತ ತಾಯಂದಿರು ಎದಿಯ ಗಂಟು ಸೆರಗಿನಾಗ ಮುಚ್ಚಿಡತಾರ. ದವಾಖಾನಿಗೆ ಹೋಗೂದ್ರೊಳಗ ಹೊತ್ತು ಮೀರಿರತೈತಿ. ಜೀನು ಕೊಲ್ಲದ ಜೀವಾನೂ ನಾಲಿಗಿ ಕೊಲ್ಲತೈತಿ. ನಾಲಿಗಿ ಬಿಗಿ ಹಿಡೀರಿ.