ಬಾಗಿದ ಬೆನ್ನೆಲ್ಲ ನಮ್ರತೆಯಲ್ಲ



ಅಧಿಕಾರದಲ್ಲಿರುವವರ ಮಾತಿಗೆಲ್ಲ ತಲೆದೂಗುವವನನ್ನು ವಿನಯವಂತನೆಂದೂ, ಒಪ್ಪದ ಮಾತನ್ನು ಒಪ್ಪೆನೆಂದವನನ್ನು ಅಹಂಕಾರಿಯೆಂದೂ ಕರೆಯುವ ರೂಢಿ ಬೇರೂರಿದೆ. ಇದಕ್ಕೆ ಧರ್ಮಗ್ರಂಥಗಳ ಬೆಂಬಲವಿದೆಯೆಂದು ವಾದಿಸುವವರೂ ಉಂಟು. ಯೆಹೂದ್ಯರ ಹೀಬ್ರೂ ಧರ್ಮಗ್ರಂಥವನ್ನು, ಅಂದರೆ ಕ್ರೈಸ್ತರು ಹಳೆಯ ಒಡಂಬಡಿಕೆಯೆಂದು ಕರೆಯುವ ಭಾಗವನ್ನು, ಇಂಥ ವಾದಕ್ಕೆ ಸಾಕ್ಷಿಯಾಗಿ ಎಳೆದು ತರುವುದು ಶುದ್ಧ ಅನ್ಯಾಯ. ಅಲ್ಲಿ ನಮ್ರತೆ ದೇವರಿಗೆ ಸಲ್ಲಬೇಕಾದದ್ದು. ಮುಖಸ್ತುತಿಯೆಂದರೆ ಅದನ್ನು ಕದ್ದು ಮನುಷ್ಯನ ಪಾದಕ್ಕೆ ಸುರಿಯುವುದು.

ಅಹಾಬನ ವೃತ್ತಾಂತವನ್ನೇ ನೋಡಿ. ಕ್ರಿ.ಪೂ. 9ನೆಯ ಶತಮಾನದಲ್ಲಿ ಇಸ್ರಾಯೇಲಿನ ಉತ್ತರ ರಾಜ್ಯವನ್ನಾಳಿದ ಈ ಅರಸನು ದುರ್ಬಲನಲ್ಲ. ಅಶ್ಶೂರದ ದೊರೆ ಮೂರನೆಯ ಶಲ್ಮನೆಸೆರನ ಶಿಲಾಶಾಸನವೊಂದು ಕ್ರಿ.ಪೂ. 853ರ ಕರ್ಕರ್ ಯುದ್ಧವನ್ನು ವರ್ಣಿಸುತ್ತ, ಅವನ ಪಾಲಿಗೆ 2,000 ರಥಗಳನ್ನೂ 10,000 ಕಾಲಾಳುಗಳನ್ನೂ ಲೆಕ್ಕ ಕೊಡುತ್ತದೆ. ಅಂಥ ಬಲಾಢ್ಯನಿಗೂ ಬೇಕಾಗಿದ್ದುದು ಹೌದಪ್ಪನ ಚಾವಡಿ! ರಾಮೋತ್ ಗಿಲ್ಯಾದನ್ನು ಅರಾಮ್ಯರಿಂದ ಕಿತ್ತುಕೊಳ್ಳಲು ಹೊರಡುವ ಮುನ್ನ ಅವನು ಸುಮಾರು 400 ಪ್ರವಾದಿಗಳನ್ನು ಕೂಡಿಸಿದನು. ಎಲ್ಲರೂ ದೇವರ ಹೆಸರೆತ್ತಿಯೇ ಜಯ ನಿಶ್ಚಯವೆಂದರು. ಒಬ್ಬನಂತೂ ಕಬ್ಬಿಣದ ಕೊಂಬುಗಳನ್ನು ಮಾಡಿಕೊಂಡು ಬಂದು, ಇವುಗಳಿಂದ ಶತ್ರುಗಳನ್ನು ಇರಿಯುವೆಯೆಂದು ಅರಸನನ್ನು ಹುರಿದುಂಬಿಸಿದನು.

ಜೊತೆಗಿದ್ದ ಯೆಹೂದದ ಅರಸ ಯೆಹೋಷಾಫಾಟನಿಗೆ ಇದು ಸಾಕೆನಿಸಲಿಲ್ಲ. ವಿಚಾರಿಸಲು ಇನ್ನೊಬ್ಬ ಪ್ರವಾದಿಯಿಲ್ಲವೇ ಎಂದು ಕೇಳಿದನು. ಒಬ್ಬನಿದ್ದಾನೆ, ಆದರೆ ನನ್ನ ವಿಷಯದಲ್ಲಿ ಎಂದೂ ಒಳ್ಳೆಯದನ್ನು ನುಡಿಯದ ಅವನನ್ನು ಕಂಡರೆ ನನಗಾಗದು ಎಂಬುದು ಅಹಾಬನ ಉತ್ತರ. ಆ ಒಬ್ಬನೇ ಇಮ್ಲನ ಮಗ ಮೀಕಾಯೆಹು. ಎಲ್ಲರ ಮಾತಿಗೆ ದನಿಗೂಡಿಸೆಂದು ಕರೆಯಲು ಬಂದ ದೂತನೇ ಬುದ್ಧಿ ಹೇಳಿದನು. ದೇವರು ನುಡಿಸಿದ್ದನ್ನೇ ನುಡಿಯುವೆನೆಂದ ಮೀಕಾಯೆಹು, ಸೈನ್ಯವು ಕುರುಬನಿಲ್ಲದ ಕುರಿಗಳಂತೆ ಚದರುವುದನ್ನು ಕಂಡೆನೆಂದು ಅರಸನ ಮುಖಕ್ಕೇ ಸಾರಿದನು. ಸಿಕ್ಕ ಸನ್ಮಾನ ಕೆನ್ನೆಗೆ ಏಟು, ಸೆರೆಮನೆಯ ಅರೆಹೊಟ್ಟೆಯ ರೊಟ್ಟಿ ನೀರು. ಅರಸನು ವೇಷ ಮರೆಸಿಕೊಂಡು ರಣರಂಗಕ್ಕೆ ಹೋದನು. ಗುರಿಯಿಲ್ಲದೆ ಬಿಟ್ಟ ಬಾಣವೊಂದು ಕವಚದ ಸಂದಿನಲ್ಲಿ ನಾಟಿ, ಸಂಜೆಯ ಹೊತ್ತಿಗೆ ಸತ್ತನು.

ಇವರಲ್ಲಿ ನಮ್ರನಾರು? 400 ಮಂದಿಯ ಬೆನ್ನು ಬಾಗಿದ್ದುದು ನಿಜ, ಆದರೆ ಸಿಂಹಾಸನದ ಕಡೆಗೆ. ತನ್ನ ನಾಲಿಗೆಗೆ ತಾನೇ ಒಡೆಯನಲ್ಲವೆಂದು ತಿಳಿದಿದ್ದವನು ಮೀಕಾಯೆಹು ಒಬ್ಬನೇ. ಹೊಗಳುಭಟ್ಟನು ಮೇಲುನೋಟಕ್ಕೆ ಮಾತ್ರ ವಿನೀತ. ದೇವರ ಹೆಸರನ್ನು ತನ್ನ ಲಾಭಕ್ಕೆ ಬಳಸುವ ಅವನಿಗಿಂತ ಗರ್ವಿಷ್ಠನಿಲ್ಲ.

ಹಾಗಾದರೆ ಹಿರಿಯರಿಗೆ ಮರ್ಯಾದೆ ಬೇಡವೇ ಎಂದು ಕೇಳುವಿರಿ. ಖಂಡಿತ ಬೇಕು. ಊರೀಯನನ್ನು ಕೊಲ್ಲಿಸಿ ಅವನ ಹೆಂಡತಿಯನ್ನು ವರಿಸಿದ ದಾವೀದನಿಗೆ, ಬಡವನ ಕುರಿಮರಿಯ ಕಥೆ ಹೇಳಿ, ಆ ತಪ್ಪಿತಸ್ಥ ನೀನೇ ಎಂದ ನಾತಾನನು ಇನ್ನೊಂದು ಸಂದರ್ಭದಲ್ಲಿ ಅದೇ ಅರಸನಿಗೆ ಸಾಷ್ಟಾಂಗವೆರಗಿದ್ದಾನೆ. ಭೂಮಿಯ ಮೇಲಿನ ಎಲ್ಲರಿಗಿಂತ ನಮ್ರನೆಂದು ಅರಣ್ಯಕಾಂಡ ಕೊಂಡಾಡುವ ಮೋಶೆಯೇ ಫರೋಹನೆದುರು ನಿಂತು ತನ್ನ ಜನರ ಬಿಡುಗಡೆಯನ್ನು ಕೇಳಿದವನು. ತಲೆ ಬಾಗುವುದು ಬೇರೆ, ಸತ್ಯವನ್ನು ಬಾಗಿಸುವುದು ಬೇರೆ.

ಗರ್ವಿಗೂ ಈ ಗ್ರಂಥವು ಬಾಗಿಲು ಮುಚ್ಚುವುದಿಲ್ಲ. ನಾಬೋತನ ಕೊಲೆಯಾಗಿ ಅವನ ದ್ರಾಕ್ಷಿತೋಟ ಅರಮನೆಯ ಪಾಲಾದಾಗ, ಎಲೀಯನ ಖಂಡನೆ ಕೇಳಿ ಇದೇ ಅಹಾಬನು ಗೋಣಿತಟ್ಟು ಉಟ್ಟು ಉಪವಾಸ ಮಾಡಿದನು. ದೇವರು ಅದನ್ನು ಗಮನಿಸಿ ಶಿಕ್ಷೆಯನ್ನು ಮುಂದೂಡಿದನು. ಆ ಪಶ್ಚಾತ್ತಾಪವನ್ನು ತೊಳೆದುಹಾಕಿದ್ದು ಯಾವುದು? ಮತ್ತೆ ಹೊಗಳಿಕೆಗೆ ತೆರೆದುಕೊಂಡ ಅವನ ಕಿವಿಯೇ ಎಂದು ನನ್ನ ದೃಢವಾದ ಅಭಿಪ್ರಾಯ. ಆಡುವವನಷ್ಟೇ ದೋಷ ಕೇಳಿ ಹಿಗ್ಗುವವನದು.

ನಿಮ್ಮಲ್ಲಿ ಹಲವರು ಇಂದು ಕುರ್ಚಿಯಲ್ಲಿ ಕುಳಿತಿದ್ದೀರಿ, ಹಲವರು ಕುರ್ಚಿಯ ಮುಂದೆ ನಿಂತಿದ್ದೀರಿ. ನಿಂತವರು ಕೈ ಮುಗಿಯಿರಿ, ಸುಳ್ಳಾಡಬೇಡಿ. ಕುಳಿತವರು, ಸುತ್ತಲಿನ ಎಲ್ಲರೂ ಒಂದೇ ದನಿಯಲ್ಲಿ ಭೇಷ್ ಎಂದ ದಿನ, ಯೆಹೋಷಾಫಾಟನು ಕೇಳಿದ್ದನ್ನೇ ಕೇಳಿರಿ: ಇನ್ನೊಬ್ಬನಿಲ್ಲವೇ?